ಕಾನೂನುಬದ್ಧ ವೀಸಾ ಇದ್ದರೆ ಅಮೆರಿಕದ ರಾಜ್ಯಗಳ ವಲಸೆ ಕಾನೂನಿನಿಂದ ತೊಂದರೆ ಇಲ್ಲ ಅಲ್ವಾ?

ಬರೀ ಆ ಕಾನೂನುಗಳಿಂದ ಗಡಿಪಾರು ಆಗುವ ಭಯ ಬೇಡ. ಆದರೆ ಕಿರಿಕಿರಿ ತಪ್ಪುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಪೊಲೀಸರಿಗೆ ನಿಮ್ಮ ವೀಸಾ ಹಣೆಯ ಮೇಲೆ ಕಾಣುವುದಿಲ್ಲವಲ್ಲ!

ಅಲಬಾಮಾ 2011ರಲ್ಲಿ ಬಹಳ ಬಿಗಿಯಾದ ಕಾನೂನು ತಂದಿತು. ಅದೇ ನವೆಂಬರ್‌ನಲ್ಲಿ ಟಸ್ಕಲೂಸಾದಲ್ಲಿ ಪೊಲೀಸರು ಒಂದು ಬಾಡಿಗೆ ಕಾರನ್ನು ತಡೆದರು. ಓಡಿಸುತ್ತಿದ್ದವರು ಮರ್ಸಿಡಿಸ್ ಕಂಪನಿಯ ಜರ್ಮನ್ ಅಧಿಕಾರಿ. ಕೈಯಲ್ಲಿ ಜರ್ಮನಿಯ ಗುರುತಿನ ಚೀಟಿ ಇತ್ತು, ಲೈಸೆನ್ಸ್ ಇರಲಿಲ್ಲ. ಮೊದಲಾಗಿದ್ದರೆ ದಂಡದ ಚೀಟಿ ಕೊಟ್ಟು ಕಳಿಸುತ್ತಿದ್ದರೇನೋ. ಹೊಸ ಕಾನೂನಿನಿಂದಾಗಿ ಬಂಧಿಸಿದರು. ಸಹೋದ್ಯೋಗಿ ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ತಂದು ತೋರಿಸಿದ ಮೇಲೆ ಬಿಟ್ಟರು. ಮರ್ಸಿಡಿಸ್ ಕಾರ್ಖಾನೆಯನ್ನು ಅಲ್ಲಿಗೆ ಕರೆದು ತಂದದ್ದೂ ಅದೇ ರಾಜ್ಯ!

ಅರಿಜೋನಾದ 2010ರ ವಲಸೆ ಕಾನೂನಿನಲ್ಲಿ ಪ್ರಶ್ನೆಗೆ ಒಳಗಾಗಿದ್ದ ನಾಲ್ಕು ಕಲಮುಗಳ ಪೈಕಿ ಮೂರನ್ನು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ತಳ್ಳಿಹಾಕಿತು. ಬೇರೆ ಕಾರಣಕ್ಕೆ ತಡೆದವರ ಮೇಲೆ ಅನುಮಾನ ಬಂದರೆ ವಲಸೆ ಸ್ಥಿತಿ ವಿಚಾರಿಸುವ ಕಲಮು ಮಾತ್ರ ಉಳಿಯಿತು. ಅಲ್ಲಿ ಅರಿಜೋನಾ ಲೈಸೆನ್ಸ್ ತೋರಿಸಿದರೆ ಸಾಮಾನ್ಯವಾಗಿ ಸಾಕು.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ನಮ್ಮವರು ಲೈಸೆನ್ಸ್ ಕಡೆ ಜಾಸ್ತಿ ಗಮನ ಕೊಡಬೇಕು. ಸಾಮಾನ್ಯವಾಗಿ ಅದರ ಅವಧಿ ಐ-94 (ಎಲ್ಲಿಯವರೆಗೆ ದೇಶದಲ್ಲಿ ಇರಬಹುದು ಎಂದು ತೋರಿಸುವ ಪ್ರವೇಶ ದಾಖಲೆ) ಮುಗಿಯುವ ದಿನಕ್ಕೇ ಮುಗಿಯುತ್ತದೆ. ಎಚ್-1ಬಿ ವಿಸ್ತರಣೆಗೆ ಸಮಯಕ್ಕೆ ಅರ್ಜಿ ಹಾಕಿದ್ದರೆ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮಾಡಬಹುದು, ಆದರೆ ಲೈಸೆನ್ಸ್ ತಾನಾಗಿ ಮುಂದುವರಿಯುವುದಿಲ್ಲ. ಇನ್ನೊಂದು ವಿಷಯ: 18 ದಾಟಿದ ವಿದೇಶಿಯರು ಗ್ರೀನ್ ಕಾರ್ಡ್ (ಕಾಯಂ ನಿವಾಸದ ಚೀಟಿ) ಅಥವಾ ಐ-94ನಂಥ ನೋಂದಣಿ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಎನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಹಳೇ ಕಾನೂನು. ಐ-94 ಪ್ರಿಂಟ್ ಒಂದನ್ನು ಮಡಚಿ ಪರ್ಸ್‌ನಲ್ಲಿ ಇಟ್ಟುಕೊಳ್ಳಿ.