ಹಿತ್ತಲ ಹಾಟ್ ಟಬ್ಬಿನ ನೀರು: ಚನ್ನರಾಯಪಟ್ಟಣದ ತಮ್ಮನಿಗೆ ಒಂದು ಉತ್ತರ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಚನ್ನರಾಯಪಟ್ಟಣದಿಂದ ಕೆನಡಾದ ಕ್ಯಾಲ್ಗರಿಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಬಾಡಿಗೆ ಮನೆಯ ಹಿತ್ತಲಲ್ಲಿ ಹಾಟ್ ಟಬ್, ಅಂದರೆ ಕೂತು ಮೈ ಕಾಯಿಸಿಕೊಳ್ಳೋ ಬಿಸಿನೀರಿನ ತೊಟ್ಟಿ ಇದೆ, ಅದನ್ನು ಬಾಡಿಗೆದಾರರೇ ನೋಡಿಕೊಳ್ಳಬೇಕು ಅಂತ ಕರಾರಿನಲ್ಲಿದೆ. ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿದೆ, ಮೂಗಿಗೆ ಹೊಡೆಯೋ ವಾಸನೆ ಬರ್ತಿದೆ, ಕ್ಲೋರಿನ್ ಜಾಸ್ತಿ ಆಯ್ತಾ ಅಂತ ಕೇಳಿದ್ದೀಯ. ಮೇ ತಿಂಗಳಲ್ಲಿ ನಿಮ್ಮ ಅವ್ವ ಬಂದಾಗ ಎಣ್ಣೆ ಹಚ್ಚಿ ಅದರಲ್ಲಿ ಕೂರಿಸಬಹುದಾ ಅಂತಲೂ ಕೇಳಿದ್ದೀಯ. ಜೊತೆಗೆ ಕರೆಂಟ್ ಬಿಲ್ಲು, ಕಾರು, ಚಳಿ.

ಚಳಿಗೆ ಒಳ್ಳೆ ಬೂಟು ಮೊದಲು ತಗೋ, ಜಾಕೆಟ್ ಆಮೇಲೆ. ಕಾರು ಈ ಚಳಿಗಾಲ ಬೇಡ. ಹಿಮದ ಮೇಲೆ ಓಡಿಸೋದನ್ನು ಯಾರ ಪಕ್ಕದಲ್ಲಾದರೂ ಕೂತು ನೋಡಿ ಕಲಿ. ಕರೆಂಟ್ ಬಿಲ್ಲು ಟಬ್ಬಿನ ಮುಚ್ಚಳದ ಮೇಲೆ ನಿಂತಿದೆ. ಮುಚ್ಚಳ ನೀರು ಕುಡಿದು ಎತ್ತಲಾರದಷ್ಟು ಭಾರ ಆಗಿದ್ದರೆ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತೆ. ಹೊಸದು ಹಾಕಿಸಿ ಅಂತ ಮನೆ ಮಾಲೀಕರಿಗೆ ಬರೆದು ಕೇಳು, ಬಾಯಲ್ಲಿ ಕೇಳಬೇಡ.

ಇನ್ನು ನೀರಿನ ವಿಷಯ. ಇದನ್ನು ವಿವರವಾಗಿ ಹೇಳೋಕೆ ಕಾರಣ ಇದೆ. ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯವನು. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದವನು. ಈ ಊರಿಗೆ ಬಂದಿಳಿದದ್ದು ಜನವರಿಯಲ್ಲಿ, ಮೊದಲು ಸಿಕ್ಕ ಕೆಲಸ ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ರಾತ್ರಿ ಪಾಳಿ. ಟವೆಲ್ ಮಡಿಸೋದು, ನೆಲ ಒರೆಸೋದು, ಈಜುಕೊಳ ಮತ್ತು ಹಾಟ್ ಟಬ್ಬಿನ ನೀರು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯೋದು. ಫಿಲಿಪೀನ್ಸ್‌ನಿಂದ ಬಂದಿದ್ದ ಮೇಲ್ವಿಚಾರಕಿ ನನ್ನ ಕೈಗೆ ಒಂದು ಸಣ್ಣ ಗಾಜಿನ ನಳಿಗೆ ಕೊಟ್ಟರು. ನೀರಿಗೆ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತೆ, ಆಮೇಲೆ ಬಣ್ಣ ಹೋಗೋ ತನಕ ಒಂದೊಂದೇ ಹನಿ ಬಿಡ್ತಾ ಎಣಿಸಬೇಕು. ಹನಿ ಎಣಿಸಿ ಪ್ರಮಾಣ ಅಳೆಯೋ ಲ್ಯಾಬಿನ ಟೈಟ್ರೇಷನ್ನೇ ಅದು, ಬ್ಯೂರೆಟ್ ಅನ್ನೋ ಅಳತೆ ನಳಿಗೆ ಇಲ್ಲ ಅಷ್ಟೇ! ಹಾಸನದ ಲ್ಯಾಬಿನಲ್ಲಿ ಕಲಿತ ಕೈ ತಾನಾಗಿ ಕೆಲಸ ಮಾಡಿತು. ಒಬ್ಬ ಪದವೀಧರ ಟವೆಲ್ ಮಡಿಸಬೇಕಾಯಿತಲ್ಲ ಅಂತ ಕುಗ್ಗಿದ್ದ ಮನಸ್ಸಿಗೆ ಆ ಹನಿಗಳು ಧೈರ್ಯ ಕೊಟ್ಟವು. ಇವತ್ತಿಗೂ ನಮ್ಮ ಹಿತ್ತಲ ಟಬ್ಬಿನ ನೀರಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡ್ತೀನಿ.

ನಮ್ಮ ಕಡೆ ಸ್ನಾನ ಹೇಗೆ ಅನ್ನೋದು ನಿನಗೆ ಗೊತ್ತು. ಹಂಡೆಯಲ್ಲಿ ನೀರು ಕಾಯುತ್ತೆ, ಚೊಂಬಿನಲ್ಲಿ ಮೊಗೆದು ಹುಯ್ಕೋತೀವಿ, ಕೊಳೆ ಜೊತೆಗೇ ನೀರೂ ಬಚ್ಚಲಿನಿಂದ ಬಾಳೆ ಬುಡಕ್ಕೆ ಹೋಗುತ್ತೆ. ಒಮ್ಮೆ ಮೈ ಮುಟ್ಟಿದ ನೀರು ಮತ್ತೆ ಮೈ ಮುಟ್ಟಲ್ಲ. ಇಲ್ಲಿ ಹಾಗಲ್ಲ. ಸಾವಿರ, ಸಾವಿರದೈನೂರು ಲೀಟರ್ ನೀರು ಮೂರು ನಾಲ್ಕು ತಿಂಗಳು ಅದೇ ತೊಟ್ಟಿಯಲ್ಲಿ, ಅದೇ ಬಿಸಿಯಲ್ಲಿ ಸುತ್ತುತ್ತಾ ಇರುತ್ತೆ. ಎಲ್ಲರ ಬೆವರು, ಎಣ್ಣೆ, ಸತ್ತ ಚರ್ಮ ಅದರಲ್ಲೇ. ಹಾಗಾಗಿ ಟಬ್ಬನ್ನು ಸ್ನಾನಕ್ಕೆ ಅಂತ ಬಳಸಬೇಡ. ಸ್ನಾನ ಮುಗಿಸಿ, ಸೋಪು ಪೂರ್ತಿ ತೊಳೆದುಕೊಂಡು, ಆಮೇಲೆ ಅದಕ್ಕೆ ಇಳಿ.

ವಾಸನೆಗೆ ಬರೋಣ. ಮೂಗಿಗೆ ಹೊಡೆಯೋ ವಾಸನೆ ಬಂದರೆ ಕ್ಲೋರಿನ್ ಜಾಸ್ತಿ ಆಗಿದೆ ಅಂತ ಎಲ್ಲರೂ ಅಂದ್ಕೋತಾರೆ. ಸಾಮಾನ್ಯವಾಗಿ ಅದು ಉಲ್ಟಾ. ಬೆವರಿನಲ್ಲಿ, ಮೂತ್ರದಲ್ಲಿ ಇರೋ ಅಮೋನಿಯಾದಂಥ ಪದಾರ್ಥಗಳ ಜೊತೆ ಸೇರಿದ ಕ್ಲೋರಿನ್ ಕ್ಲೋರಮೈನ್ ಆಗುತ್ತೆ. ನಾರೋದು ಅದು, ಕಣ್ಣು ಉರಿಸೋದೂ ಅದೇ. ಕ್ರಿಮಿ ಕೊಲ್ಲೋ ಶಕ್ತಿ ಅದಕ್ಕೆ ಬಹಳ ಕಡಿಮೆ. ಅಂದರೆ ನಿನ್ನ ಟಬ್ಬಿನಲ್ಲಿ ಸ್ವತಂತ್ರ ಕ್ಲೋರಿನ್, ಅಂದರೆ ಇನ್ನೂ ಯಾವುದರ ಜೊತೆಗೂ ಸೇರದೆ ಕ್ರಿಮಿ ಕೊಲ್ಲೋಕೆ ಉಳಿದಿರೋದು, ಮುಗಿದಿರೋ ಸಾಧ್ಯತೆಯೇ ಹೆಚ್ಚು. ನೀರು ಬೆಳ್ಳಗಾಗೋಕೂ ಅದೇ ಒಂದು ಕಾರಣ. ಇನ್ನೊಂದು, ಫಿಲ್ಟರ್ ಕಟ್ಟಿಕೊಂಡಿರೋದು. ಮೂರನೆಯದು ಈ ಊರಿನ ಗಡಸು ನೀರು: ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಏರಿದಾಗ ಸುಣ್ಣದ ಅಂಶ ಹಿಟ್ಟಾಗಿ ತೇಲುತ್ತೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಪದರ ಕೂರೋದನ್ನು ನೋಡಿದ್ದೀಯಲ್ಲ, ಇಲ್ಲಿ ಅದು ಹೀಟರಿನ ಮೇಲೆ ಕೂರುತ್ತೆ.

ಅಂಕಿಗಳನ್ನು ಗೋಡೆಗೆ ಅಂಟಿಸ್ಕೋ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳೋ ಪ್ರಕಾರ ಹಾಟ್ ಟಬ್ಬಿನಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷದಲ್ಲಿ ಮೂರು ಭಾಗ) ಇರಬೇಕು, ಅದರ ಬದಲು ಬ್ರೋಮಿನ್ ಬಳಸೋದಾದರೆ 4ರಿಂದ 8. ಪಿಎಚ್ 7.0ಯಿಂದ 7.8. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕ್ಷಾರೀಯತೆ, ಅಂದರೆ ಪಿಎಚ್ ಥಟ್ಟನೆ ಏರಿಳಿಯದ ಹಾಗೆ ತಡೆಯೋ ನೀರಿನ ಗುಣ, 80ರಿಂದ 120 ಪಿಪಿಎಂ ಇದ್ದರೆ ಪಿಎಚ್ ಹತೋಟಿಯಲ್ಲಿರುತ್ತೆ. ಪಿಎಚ್ ಮುಖ್ಯ ಯಾಕೆ ಅಂದರೆ, ಅದು 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಕ್ರಿಮಿ ಕೊಲ್ಲೋ ರೂಪದಲ್ಲಿರುತ್ತೆ; 8 ಆದರೆ ಕಾಲು ಭಾಗವೂ ಇರಲ್ಲ. ಜೆಟ್ (ನೀರನ್ನು ರಭಸವಾಗಿ ಚಿಮ್ಮಿಸೋ ನಳಿಕೆ) ಓಡಿಸಿ ನೀರು ನೊರೆಯೆಬ್ಬಿಸಿದಷ್ಟೂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತೆ. ಅದಕ್ಕೇ ಟಬ್ಬಿನಲ್ಲಿ ಅದು ಸದಾ ಮೇಲಕ್ಕೇ ಜಾರೋದು. ಕ್ಷಾರೀಯತೆ ಕಡಿಮೆ ಇದ್ದರೆ ಅಡುಗೆ ಸೋಡಾನೇ ಸಾಕು, ಪಿಎಚ್ ಇಳಿಸೋಕೆ ಸೋಡಿಯಂ ಬೈಸಲ್ಫೇಟ್ ಸಿಗುತ್ತೆ. ಮೊದಲು ಕ್ಷಾರೀಯತೆ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್. ಈ ಕ್ರಮ ತಪ್ಪಿಸಬೇಡ.

ಆದರೆ ನಿನ್ನ ಈಗಿನ ನೀರನ್ನು ಸರಿ ಮಾಡೋಕೆ ಹೋಗಲೇಬೇಡ. ಹಿಂದೆ ಇದ್ದವರು ಏನು ಹಾಕಿದ್ರೋ, ಎಷ್ಟು ದಿನ ಹಾಗೇ ಬಿಟ್ಟಿದ್ರೋ ಯಾರಿಗೆ ಗೊತ್ತು. ಪೈಪುಗಳ ಒಳಗೆ ಲೋಳೆ ಕಟ್ಟಿರುತ್ತೆ, ಅದು ಕಣ್ಣಿಗೆ ಕಾಣಲ್ಲ, ಅದರೊಳಗಿನ ಕ್ರಿಮಿಗೆ ಕ್ಲೋರಿನ್ ಸುಲಭಕ್ಕೆ ತಾಗಲ್ಲ. ಪೈಪ್ ತೊಳೆಯೋ ದ್ರಾವಣ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಹಾಕಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಜೆಟ್ ಓಡಿಸಿ, ಬ್ರೇಕರ್ ಆಫ್ ಮಾಡಿ ನೀರು ಖಾಲಿ ಮಾಡು. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಡಬೇಡ. ಅದು ಸೀದಾ ಬೋ ನದಿಗೆ ಹೋಗುತ್ತೆ, ಮೀನು ಸಾಯುತ್ತೆ. ಮನೆಯ ಒಳಚರಂಡಿಗೆ ಬಿಡು. ತೊಟ್ಟಿ ಒರೆಸಿ, ಹೊಸ ನೀರನ್ನು ಫಿಲ್ಟರ್ ಗೂಡಿನ ಮೂಲಕ ತುಂಬು, ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳಲ್ಲ.

ಇದನ್ನು ನೀರು ತುಂಬೋ ಹಬ್ಬದ ಒಳಗೆ ಮುಗಿಸು. ಊರಲ್ಲಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿ, ಬಚ್ಚಲು ತೊಳೆದು, ಹೂವು ಏರಿಸಿ ನೀರು ತುಂಬೋ ಸಮಯವೇ ಇಲ್ಲಿ ಟಬ್ಬಿಗೂ ಸರಿಯಾದ ಸಮಯ. ಡಿಸೆಂಬರ್‌ನಲ್ಲಿ ಖಾಲಿ ಮಾಡಿದರೆ ಪೈಪಿನಲ್ಲಿ ಉಳಿದ ನೀರು ಗಡ್ಡೆ ಕಟ್ಟಿ ಪೈಪು ಸೀಳುತ್ತೆ. ಈಗ ತುಂಬಿದ್ದು ಚಳಿ ಮುಗಿಯೋ ತನಕ ಬರಬೇಕು.

ಆಮೇಲಿನ ಕೆಲಸ ದೊಡ್ಡದಲ್ಲ. ಫಿಲ್ಟರನ್ನು ವಾರಕ್ಕೊಮ್ಮೆ ಮಡಿಕೆ ಮಡಿಕೆಯಾಗಿ ತೊಳಿ, ತಿಂಗಳಿಗೊಮ್ಮೆ ಅದರ ದ್ರಾವಣದಲ್ಲಿ ನೆನೆಹಾಕು. ಇಳಿಯೋ ಮುಂಚೆ ಪ್ರತಿ ಸಲ ನೀರು ಪರೀಕ್ಷೆ ಮಾಡು. ವಾರಕ್ಕೊಮ್ಮೆ ಶಾಕ್ ಹಾಕು, ಅಂದರೆ ಸೇರಿಕೊಂಡ ಕೊಳೆ, ಕ್ಲೋರಮೈನ್ ಸುಡೋಕೆ ಒಮ್ಮೆಲೇ ಹಾಕೋ ದೊಡ್ಡ ಪ್ರಮಾಣದ ಪುಡಿ. ಹಾಕಿದಾಗ ಮುಚ್ಚಳ ತೆರೆದಿರಲಿ, ಜೆಟ್ ಓಡ್ತಿರಲಿ. ಈಜುಕೊಳಕ್ಕೆ ಬಳಸೋ ಟ್ರೈಕ್ಲೋರ್ ಅನ್ನೋ ಕ್ಲೋರಿನ್ ಬಿಲ್ಲೆ ಅಗ್ಗ ಅಂತ ತಂದು ಹಾಕಬೇಡ, ತೊಟ್ಟಿಯೂ ಹೀಟರೂ ಹಾಳಾಗುತ್ತೆ. ಎರಡು ಬಗೆಯ ಕ್ಲೋರಿನ್ ಪುಡಿ ಒಂದೇ ಚಮಚದಲ್ಲಿ, ಒಂದೇ ಡಬ್ಬದಲ್ಲಿ ಸೇರಬಾರದು, ಬೆಂಕಿ ಹತ್ತುತ್ತೆ. ಪುಡಿಯನ್ನು ನೀರಿಗೆ ಹಾಕು, ನೀರನ್ನು ಪುಡಿಗೆ ಹುಯ್ಯಬೇಡ.

ಈಗ ನಾನು ನಿಜಕ್ಕೂ ಹೇಳಬೇಕು ಅಂದ್ಕೊಂಡಿದ್ದ ಮಾತು.

ಒಂದು ಕ್ರಿಸ್ಮಸ್ ರಜೆಗೆ ನಮ್ಮ ಕನ್ನಡದ ನಾಲ್ಕಾರು ಕುಟುಂಬ ಸೇರಿ ಬ್ಯಾನ್ಫ್ ದಾರಿಯಲ್ಲಿ ಬೆಟ್ಟದ ಬುಡದ ಒಂದು ಮನೆ ಬಾಡಿಗೆಗೆ ಹಿಡಿದಿದ್ವಿ. ಹೊರಗೆ ಹಿಮ, ಅಂಗಳದಲ್ಲಿ ಹಾಟ್ ಟಬ್. ಪಾಳಿ ಮುಗಿಸಿ ನಾನು ತಲುಪಿದ್ದು ಮಾರನೇ ದಿನ. ಅಷ್ಟರಲ್ಲಿ ಹಿಂದಿನ ರಾತ್ರಿಯೇ ಮಕ್ಕಳು ಅದರಲ್ಲಿ ಆಡಿ ಆಗಿತ್ತು. ನೀರು ಎಷ್ಟು ತಿಳಿ ಅಂದರೆ ತಳದ ಸ್ಕ್ರೂ ಕಾಣ್ತಿತ್ತು, ವಾಸನೆಯೂ ಇಲ್ಲ. ಅಭ್ಯಾಸ ಬಲದಿಂದ ಬಣ್ಣ ಬದಲಿಸೋ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಕ್ಲೋರಿನ್ ಚೌಕ ಬೆಳ್ಳಗೇ ಉಳಿಯಿತು. ಏನೂ ಇರಲಿಲ್ಲ ಅದರಲ್ಲಿ. ಇನ್ಯಾರೂ ಇಳಿಯೋದು ಬೇಡ ಅಂತ ಮುಚ್ಚಳ ಎಳೆದೆ. ಊರಿಂದ ಬಂದಿದ್ದ ಹಿರಿಯರೊಬ್ಬರು, ‘ಹೇಮಾವತಿ ನೀರೇ ಇಷ್ಟು ತಿಳಿಯಾಗಿರಲ್ಲ, ಏನಾಗುತ್ತೆ ಬಿಡಪ್ಪ, ಮಕ್ಕಳು ಆಸೆಪಡ್ತಾವೆ’ ಅಂದರು. ಅವರ ಮಾತಿಗೆ ಎದುರಾಡಿ ಅಭ್ಯಾಸ ಇಲ್ಲ ನಮಗೆ. ಆವತ್ತು ಎದುರಾಡಿದೆ. ಅವರು ಊಟದ ಹೊತ್ತಿನ ತನಕ ನನ್ನ ಜೊತೆ ಮಾತಾಡಲಿಲ್ಲ.

ಮನೆಗೆ ವಾಪಸು ಬಂದ ಮೇಲೆ, ಮೊದಲ ರಾತ್ರಿ ಆಡಿದ್ದ ಸ್ನೇಹಿತರ ಇಬ್ಬರು ಹೆಣ್ಣುಮಕ್ಕಳಿಗೆ ಈಜುಡುಗೆ ಮುಚ್ಚಿದ್ದ ಜಾಗದಲ್ಲೆಲ್ಲ ಕೆಂಪು ಗುಳ್ಳೆ ಎದ್ದವು. ತುರಿಕೆ, ಕೆಲವದರಲ್ಲಿ ಕೀವು. ಆ ಮಕ್ಕಳ ತಾಯಿ, ಸಿಡುಬಿನಂಥ ‘ಅಮ್ಮ’ ಎದ್ದಿದೆಯೋ ಏನೋ ಅಂತ ಹೆದರಿ ಊರಿಗೆ ಫೋನು ಮಾಡಿ ಹರಕೆ ಹೊತ್ತಳು. ಕಾರಿನಲ್ಲಿ ಕರ್ಕೊಂಡು ಹೋದವನು ನಾನೇ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಹಾಟ್ ಟಬ್ಬಿಗೆ ಇಳಿದಿದ್ರಾ?’ ಸ್ಯೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಅದು. ಕ್ಲೋರಿನ್ ಇಳಿದ ಬೆಚ್ಚನೆ ನೀರು ಅಂದರೆ ಅದಕ್ಕೆ ಬಹಳ ಇಷ್ಟ. ಗುಳ್ಳೆ ತಾನಾಗೇ ಒಣಗಿತು, ನಿಜ. ಆದರೆ ಚಿಕ್ಕವಳು ಅದಾದ ಮೇಲೆ ಬಹಳ ಕಾಲ ನೀರಿಗೆ ಇಳಿಯಲಿಲ್ಲ. ಆ ಮಗುವಿನ ಬೆನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತೆ. ಎರಡು ನಿಮಿಷದ ಪರೀಕ್ಷೆಯಲ್ಲಿ ತಪ್ಪುತ್ತಿದ್ದ ನೋವು ಅದು.

ಇದಕ್ಕಿಂತ ಕೆಟ್ಟದ್ದೂ ಇದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಅನ್ನೋ ಊರಿನ ಹೂವಿನ ಮೇಳದಲ್ಲಿ, ಮಾರಾಟದ ಪ್ರದರ್ಶನಕ್ಕೆ ಬಿಸಿನೀರಿನ ಸುಳಿ ತೊಟ್ಟಿ ಓಡಿಸ್ತಾ ಇಟ್ಟಿದ್ದರು. ಅದರ ತುಂತುರಿನಿಂದ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹರಡಿ ನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ನೀರಿಗೆ ಇಳಿದವರಲ್ಲ ತಮ್ಮಾ, ಆ ಕಡೆ ಹಾದು ಹೋಗಿ ಉಸಿರಾಡಿದವರು. ವಯಸ್ಸಾದವರಿಗೆ, ಬೀಡಿ ಸಿಗರೇಟು ಸೇದೋರಿಗೆ, ಶ್ವಾಸಕೋಶ ಸರಿಯಿಲ್ಲದವರಿಗೆ ಅಪಾಯ ಹೆಚ್ಚು.

ಅದಕ್ಕೇ ಹೇಳ್ತೀನಿ, ನೀರು ತಿಳಿಯಾಗಿದೆ ಅನ್ನೋದನ್ನು ನಂಬಬೇಡ, ಅಂಕಿ ನಂಬು. ನಮ್ಮ ಹಾಸನದ ಕಡೆಯವರಿಗೆ ಮನೆಗೆ ಬಂದವರ ಮುಂದೆ ‘ಬೇಡ’ ಅನ್ನೋದು ಬಹಳ ಕಷ್ಟ. ಇನ್ನೊಂದು ಲೋಟ ಕಾಫಿ, ಇನ್ನೊಂದು ರೊಟ್ಟಿ ಬಡಿಸಿಯೇ ಬೆಳೆದವರು ನಾವು. ಟಬ್ ಇದೆ ಅಂತ ಗೊತ್ತಾದರೆ ಶನಿವಾರ ಸಂಜೆ ನಿನ್ನ ಮನೆಗೆ ಜನ ಬಂದೇ ಬರ್ತಾರೆ. ಅಂಕಿ ಸರಿ ಇಲ್ಲದ ದಿನ ಮುಚ್ಚಳ ಮುಚ್ಚಿ, ಇವತ್ತು ಬೇಡ ಅಂತ ನಗುನಗುತ್ತಲೇ ಹೇಳು. ಹಿರಿಯರಿದ್ದರೂ ಹೇಳು.

ಇನ್ನು ನಿಮ್ಮ ಅವ್ವ. ಎಣ್ಣೆ ಸ್ನಾನ ಖಂಡಿತ ಮಾಡಿಸು, ಆದರೆ ಬಚ್ಚಲಲ್ಲಿ. ಹರಳೆಣ್ಣೆ, ಸೀಗೆಪುಡಿ ಟಬ್ಬಿಗೆ ಹೋದರೆ ಒಂದೇ ದಿನಕ್ಕೆ ನೊರೆ ಎದ್ದು ಫಿಲ್ಟರ್ ಜಿಡ್ಡಾಗುತ್ತೆ. ಎಣ್ಣೆ ಸ್ನಾನ ಮಾಡಿದ ದಿನ ಟಬ್ ಬೇಡವೇ ಬೇಡ. ಬಿಪಿ, ಶುಗರ್ ಎರಡೂ ಇದೆ ಅಂದಿದ್ದೀಯ. ಹಾಗಾದರೆ ಹೊರಡೋ ಮುಂಚೆ ಅಲ್ಲಿನ ಡಾಕ್ಟರನ್ನೇ ಕೇಳಿಸು. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ, ಎದ್ದ ಕೂಡಲೇ ತಲೆ ಸುತ್ತಬಹುದು. ಶುಗರ್‌ನಿಂದ ಪಾದ ಮರಗಟ್ಟಿದ್ದರೆ ಸುಡೋದೇ ಗೊತ್ತಾಗಲ್ಲ. ಡಾಕ್ಟರ್ ಸರಿ ಅಂದರೆ ಬಿಸಿ 37, 38ಕ್ಕೆ ಇಳಿಸಿ ಹತ್ತು ನಿಮಿಷ ಸಾಕು, ನೀನು ಪಕ್ಕದಲ್ಲೇ ಇರು, ಮೆಟ್ಟಿಲಿಳಿಯುವಾಗ ಕೈ ಹಿಡಿ. ಮನೆಗೆ ಬರೋರಲ್ಲಿ ಬಸುರಿಯರಿದ್ದರೆ, ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರಿಗೂ ಬೇಡ.

ನಮ್ಮಪ್ಪ ಇಲ್ಲಿಗೆ ಬರಲೇ ಇಲ್ಲ. ಮೊದಲು ನನ್ನ ಹತ್ತಿರ ದುಡ್ಡಿರಲಿಲ್ಲ, ಆಮೇಲೆ ಅವರ ಮಂಡಿ ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಲಿಲ್ಲ. ಕಾಫಿ ತೋಟದ ಏರು ಹತ್ತಿ ಇಳಿದು ಸವೆದ ಮಂಡಿ. ಸಂಜೆ ಬಚ್ಚಲ ಒಲೆ ಮುಂದೆ ಕೂತು ಬಿಸಿನೀರಿನ ಬಟ್ಟೆ ಒತ್ಕೊಳ್ಳೋರು. ಅವರನ್ನು ಈ ಬೆಚ್ಚನೆ ನೀರಲ್ಲಿ ಒಂದು ಸಂಜೆ ಕೂರಿಸೋ ಆಸೆ ಉಳಿದೇ ಹೋಯ್ತು. ನಿಮ್ಮ ಅವ್ವ ಬರ್ತಾರೆ ಅಂದರೆ ವೀಸಾ ಅರ್ಜಿಯನ್ನು ಮುಂದಕ್ಕೆ ಹಾಕಬೇಡ, ಈಗಲೇ ಹಾಕು.

ನೀರು ಬದಲಾಯಿಸಿದ ಮೇಲೆ ಕ್ಷಾರೀಯತೆ, ಪಿಎಚ್, ಕ್ಲೋರಿನ್, ಗಡಸುತನ ನಾಲ್ಕನ್ನೂ ಅಳೆದು ಇಲ್ಲೇ ಬರೆದು ಹಾಕು. ಟಬ್ಬಿನ ಲೀಟರ್ ಎಷ್ಟು ಅನ್ನೋದನ್ನೂ ಸೇರಿಸು, ಅದಿಲ್ಲದೆ ಪುಡಿಯ ಲೆಕ್ಕ ಹೇಳೋಕಾಗಲ್ಲ. ನೋಡಿ ಅವತ್ತೇ ಉತ್ತರ ಬರೀತೀನಿ.