ಸ್ಪ್ಯಾನಿಷ್ ತಡವಾಗಿ ಕಲಿತರೆ ಸಂಶೋಧನೆ ಸಾಧ್ಯವೇ?

ಇಂಗ್ಲಿಷ್ ಎಂ.ಎ. ಮುಗಿಸಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟವರು ಲ್ಯಾಟಿನ್ ಅಮೆರಿಕದ ಸ್ತ್ರೀವಾದಿ ಅಧ್ಯಯನದಲ್ಲಿ ನೆಲೆ ನಿಲ್ಲಬಹುದೇ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಬಹುದು. ಲ್ಯಾಟಿನ್ ಅಮೆರಿಕದ ಸಾಹಿತ್ಯದ ವಿದ್ವಾಂಸೆ ಜೀನ್ ಫ್ರಾಂಕೊ ಅವರನ್ನೇ ನೋಡಿ. 1924ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಮೊದಲು ಓದಿದ್ದು ಇತಿಹಾಸ. ಮದುವೆಯ ನಂತರ ಗ್ವಾಟೆಮಾಲಾದಲ್ಲಿದ್ದಾಗ 1954ರ ಕ್ಷಿಪ್ರಕ್ರಾಂತಿಯನ್ನು ಕಣ್ಣಾರೆ ಕಂಡರು, ಆಮೇಲೆ ಮೆಕ್ಸಿಕೊದಲ್ಲಿ ಬದುಕಿದರು. ಎಸೆಕ್ಸ್, ಸ್ಟ್ಯಾನ್‌ಫರ್ಡ್, ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಅವರು ಪಾಠ ಹೇಳಿದ್ದು ಅದಾದ ಮೇಲೆಯೇ.

ಅವರ 1989ರ ‘ಪ್ಲಾಟಿಂಗ್ ವಿಮೆನ್’ ಕೃತಿಯನ್ನು ಮೊದಲು ಓದಿ. ವಸಾಹತು ಕಾಲದ ಮೆಕ್ಸಿಕೊದಲ್ಲಿ ಸನ್ಯಾಸಿನಿಯರು ತಮಗಾದ ದೈವಿಕ ದರ್ಶನಗಳನ್ನು ಬರೆದಿಡುತ್ತಿದ್ದದ್ದು ಪಾದ್ರಿಗಳ ಅಪ್ಪಣೆಯ ಮೇರೆಗೆ. ಬರಹದ ಒಡೆತನವೂ ಆ ಸನ್ಯಾಸಿನಿಯರದಾಗಿರಲಿಲ್ಲ. ಆ ಬಿಗಿಯೊಳಗೇ ಅವರು ಮಾತಿಗೆ ಜಾಗ ಮಾಡಿಕೊಂಡ ಬಗೆಯನ್ನು ಫ್ರಾಂಕೊ ಬಿಡಿಸಿ ತೋರಿಸುತ್ತಾರೆ. ಸ್ತ್ರೀವಾದಿ ಓದು ಎಂದರೇನು ಎಂಬುದನ್ನು ನಾನು ಕಲಿತದ್ದು ಆ ಪುಟಗಳಿಂದಲೇ. ಫ್ರಾಂಕೊ ಅವರ ಇನ್ನೊಂದು ಕೃತಿ ‘ಕ್ರೂಯಲ್ ಮಾಡರ್ನಿಟಿ’ 2013ರಲ್ಲಿ ಹೊರಬಂದಾಗ ಅವರು ತೊಂಬತ್ತರ ಹೊಸ್ತಿಲಲ್ಲಿದ್ದರು. ಇಪ್ಪತ್ತೆಂಟು ಯಾವ ಲೆಕ್ಕ!

ದೆಹಲಿಯ ಜೆಎನ್‌ಯು ಮತ್ತು ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ವಿಶ್ವವಿದ್ಯಾಲಯಗಳಲ್ಲಿ ಸ್ಪ್ಯಾನಿಷ್ ಅಧ್ಯಯನಕ್ಕೆ ವ್ಯವಸ್ಥೆಯಿದೆ. ಸ್ಪ್ಯಾನಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಡೆಲೆ ಪರೀಕ್ಷೆಯ ಬಿ2 (ಮೇಲ್ಮಧ್ಯಮ) ಹಂತವನ್ನು ಗುರಿಯಾಗಿಟ್ಟುಕೊಳ್ಳಿ. ಅನುವಾದಗಳನ್ನು ಮಾತ್ರ ನೆಚ್ಚಬೇಡಿ; ಹದಿನೇಳನೆಯ ಶತಮಾನದ ಮೆಕ್ಸಿಕೊದ ಸನ್ಯಾಸಿನಿ-ಕವಿ ಸೋರ್ ಹುವಾನಾಳ ಒಂದು ಪುಟ್ಟ ಕವಿತೆಯನ್ನಾದರೂ ಈ ವಾರವೇ ಮೂಲದಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ.