ಜೂನಾ ಬಜಾರಿನ ಮೂರು ಬಿಳಿ ಗೊಂಬೆಗಳು ಯಾವ ಸೆಟ್ಟಿನವು?

ಪುಣೆಯ ಜೂನಾ ಬಜಾರಿನಲ್ಲಿ ಕೊಂಡ ಮೂರು ಗೊಂಬೆ ಮಕ್ಕಳು ಬಣ್ಣ ಬಳಿಯುವ ಯಾವ ಪೇಂಟಿಂಗ್ ಸೆಟ್ಟಿನವು, ಅರ್ಧ ಬಳಿದ ಆನೆಯ ಬಣ್ಣ ತೆಗೆಯಬಹುದಾ ಅಂತ ಕೇಳಿದ್ದೀರಿ.

ಮೊದಲು ತಳ ನೋಡಿ. ಉಗುರಿನಿಂದ ಕೆರೆದರೆ ಬಿಳಿ ಪುಡಿ ಬಂತಾ, ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿ ಬರದೆ, ತಟ್ಟಿದಾಗ ಟಣ್ ಅಂದರೆ ಸುಟ್ಟ ಮಣ್ಣು. ಒತ್ತಿದರೆ ತುಸು ಬಾಗುವುದು ವಿನೈಲ್.

ನಿಮ್ಮ ಫೋಟೋದಲ್ಲಿ ಆನೆಯ ಕಿವಿ ಹಿಂದೆ ಸಾಸಿವೆ ಕಾಳಿನಷ್ಟು ಗುಳಿಗಳಿವೆ. ಅವು ಪೆಟ್ಟಿನ ಗುರುತಲ್ಲ, ಪ್ಲಾಸ್ಟರನ್ನು ಅಚ್ಚಿಗೆ ಸುರಿದಾಗ ಸಿಕ್ಕಿಕೊಂಡ ಗಾಳಿಗುಳ್ಳೆ. ಬೆನ್ನು ಚಪ್ಪಟೆ, ನಡುವೆ ಮ್ಯಾಗ್ನೆಟ್ ಕೂರಿಸುವಂಥ ದುಂಡನೆಯ ಕುಳಿ. ಹಾಗಾಗಿ ಇದು ಫ್ರಿಜ್ ಮ್ಯಾಗ್ನೆಟ್ ಸೆಟ್ಟಿನದೇ ಇರಬೇಕು. ಮೂರರಲ್ಲಿ ಇನ್ನೊಂದಾದ ವಿನೈಲ್ ಕರಡಿಯ ಪಾದದಡಿಯ 1994 ಹಕ್ಕುಸ್ವಾಮ್ಯದ ವರ್ಷ. ಅದೇ ಅಚ್ಚಿನಿಂದ ಮುಂದೆಯೂ ಗೊಂಬೆ ತೆಗೆದಿರಬಹುದು, ಅದನ್ನೇ ತಯಾರಾದ ವರ್ಷ ಅಂತ ಬರೆದಿಡಬೇಡಿ.

ಆನೆಯನ್ನು ದಯವಿಟ್ಟು ನೀರಲ್ಲಿ ನೆನೆಸಬೇಡಿ. ಪ್ಲಾಸ್ಟರ್ ನೀರು ಹೀರಿ ಮೆತ್ತಗಾಗುತ್ತೆ, ಉಜ್ಜಿದರೆ ಕಣ್ಣು, ಉಗುರಿನ ಗೆರೆಗಳು ಸವೆದು ಹೋಗುತ್ತವೆ. ತಳದ ಹತ್ತಿರ ಬಣ್ಣ ಇರುವ ಕಡೆ ಒದ್ದೆ ಹತ್ತಿಯ ಕಡ್ಡಿ ಆಡಿಸಿ: ಬಣ್ಣ ಹತ್ತಿದರೆ ಪೋಸ್ಟರ್ ಕಲರ್, ಹತ್ತದಿದ್ದರೆ ಬಹುಶಃ ಅಕ್ರಿಲಿಕ್. ಎರಡೂ ಪ್ಲಾಸ್ಟರಿನೊಳಗೆ ಇಳಿದಿರುತ್ತವೆ, ಪೂರ್ತಿ ಬಿಳಿ ಆಗದು. ಯಾವುದೋ ಮಗು ಬಳಿದ ಬಣ್ಣ, ಹಾಗೇ ಇರಲಿ ಅನ್ನುವುದು ನನ್ನ ಸಲಹೆ. ಕರಡಿಗೆ ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ) ಮುಟ್ಟಿಸಬೇಡಿ, ಮೈ ಮೆತ್ತಗಾಗಿ ಹಾಳಾಗಬಹುದು.

ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ, ಸುತ್ತಲು ಹಳೇ ಕಾಟನ್ ಬಟ್ಟೆ. ಪತ್ರಿಕೆ ಬೇಡ, ಮಸಿ ಹತ್ತುತ್ತೆ.